ಕಸದಲ್ಲಿ ಸಕ್ಕರೆ ಇದೆ, ತೆಗೆಯೋದು ಹೇಗೆ?

ಹಳೆ ಪೇಪರ್, ತರಕಾರಿ ಸಿಪ್ಪೆ, ಹರಿದ ಹತ್ತಿ ಬಟ್ಟೆ. ಎಲ್ಲದರಲ್ಲೂ ಸೆಲ್ಯುಲೋಸ್ ಇದೆ. ಅದು ಗ್ಲೂಕೋಸಿನ ಉದ್ದನೆಯ ಸರಪಳಿ. ಕಡಿದರೆ ಸಕ್ಕರೆ ಸಿಗುತ್ತದೆ.

ಇದು ಹೊಸ ವಿಷಯವೇನಲ್ಲ. 1819ರಲ್ಲೇ ಫ್ರಾನ್ಸಿನ ವಿಜ್ಞಾನಿ ಆನ್ರಿ ಬ್ರಾಕೊನೊ ಹಳೆ ಲಿನನ್ ಬಟ್ಟೆಗೆ ಗಂಧಕಾಮ್ಲ ಹಾಕಿ, ನೀರು ಬೆರೆಸಿ ಕುದಿಸಿದರು. ಬಟ್ಟೆಗಿಂತ ಸಕ್ಕರೆಯೇ ಜಾಸ್ತಿ ತೂಗಿತು! ಸರಪಳಿಯ ಕೊಂಡಿ ಬಿಚ್ಚುವಾಗ ನೀರೂ ಸೇರಿಕೊಳ್ಳುತ್ತದೆ, ತೂಕ ಏರಿದ್ದು ಅದಕ್ಕೆ. ಆದರೆ ಆಮ್ಲದ ಸಹವಾಸ ಕಷ್ಟ. ಪಾತ್ರೆ ತಿನ್ನುತ್ತದೆ, ಕಾವು ಹೆಚ್ಚಾದರೆ ಸಿಕ್ಕ ಸಕ್ಕರೆಯನ್ನೂ ಕೆಡಿಸುತ್ತದೆ.

ಬೇರೆ ದಾರಿ ತೋರಿಸಿದ್ದು ಒಂದು ಬೂಷ್ಟು. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಲ್ಲಿದ್ದ ಅಮೆರಿಕದ ಸೈನಿಕರ ಹತ್ತಿ ಡೇರೆ, ಬೆಲ್ಟು, ಬಟ್ಟೆಗಳೆಲ್ಲ ಲಡ್ಡಾಗುತ್ತಿದ್ದವು. 1944ರಲ್ಲಿ ಬೂಗನ್‌ವಿಲ್ ದ್ವೀಪದ ಕೊಳೆತ ಡೇರೆಯಿಂದ ತೆಗೆದ ಬೂಷ್ಟು ಲ್ಯಾಬ್ ಸೇರಿತು. ಬಟ್ಟೆ ಉಳಿಸಿಕೊಳ್ಳೋದು ಸೇನೆಯ ಉದ್ದೇಶ. ಸೇನಾ ಲ್ಯಾಬಿನ ವಿಜ್ಞಾನಿಗಳಾದ ಎಲ್ವಿನ್ ರೀಸ್ ಮತ್ತು ಮೇರಿ ಮ್ಯಾಂಡೆಲ್ಸ್ ಮಾತ್ರ ಆ ಬೂಷ್ಟು ಹತ್ತಿಯನ್ನು ತಿನ್ನೋದು ಹೇಗೆ ಅಂತ ವರ್ಷಗಟ್ಟಲೆ ಕೆದಕಿದರು. ಅದು ಉಗುಳುವ ಎಂಜೈಮುಗಳು, ಅಂದರೆ ದೊಡ್ಡ ಅಣುಗಳನ್ನು ಕತ್ತರಿಸುವ ಪ್ರೋಟೀನುಗಳು, ಸೆಲ್ಯುಲೋಸನ್ನು ಗ್ಲೂಕೋಸ್ ಆಗಿಸುತ್ತಿದ್ದವು. 1970ರ ದಶಕದಲ್ಲಿ ಪೆಟ್ರೋಲ್ ಬೆಲೆ ಗಗನಕ್ಕೇರಿದಾಗ, ಮ್ಯಾಸಚೂಸೆಟ್ಸ್‌ನ ನೇಟಿಕ್ ಸೇನಾ ಲ್ಯಾಬಿನಲ್ಲಿ ರದ್ದಿ ಪೇಪರಿನಿಂದ ಸಕ್ಕರೆ ತೆಗೆಯುವ ಪ್ರಯೋಗಗಳು ನಡೆದವು. ಸಕ್ಕರೆ ಹುಳಿಸಿದರೆ ಇಂಧನವಾಗಬಲ್ಲ ಆಲ್ಕೋಹಾಲ್ ಸಿಗುತ್ತದಲ್ಲ, ಅದಕ್ಕೆ. ಬೂಷ್ಟಿಗೆ ಈಗ ರೀಸ್ ಅವರದ್ದೇ ಹೆಸರು: ಟ್ರೈಕೋಡರ್ಮಾ ರೀಸಿ. ನನಗೆ ಈ ಇತಿಹಾಸದಲ್ಲಿ ಎಲ್ಲಕ್ಕಿಂತ ಇಷ್ಟವಾಗುವ ಭಾಗ ಇದು.

ಗೋಬರ್ ಗ್ಯಾಸ್ ತೊಟ್ಟಿಯಲ್ಲೂ ಮೊದಲ ಹೆಜ್ಜೆ ಇಂಥದ್ದೇ. ಸೂಕ್ಷ್ಮಜೀವಿಗಳು ಹಿಟ್ಟು, ನಾರನ್ನು ಸಕ್ಕರೆಗೆ ಇಳಿಸುತ್ತವೆ. ಸಕ್ಕರೆ ಆಮ್ಲವಾಗಿ, ಕೊನೆಗೆ ಮೀಥೇನ್ ಎಂಬ ಉರಿಯುವ ಗ್ಯಾಸ್ ಆಗುತ್ತದೆ.

ಹಾಗಾದರೆ ತೊಡಕು ಎಲ್ಲಿ? ಎಲ್ಲ ಕಸವೂ ಒಂದರಲ್ಲೊಂದು ಬೆರೆಯೋದರಲ್ಲಿ. ಇಂಗ್ಲೆಂಡಿನ ನಾರ್ತ್‌ವಿಚ್‌ನಲ್ಲಿ ಓರ್ಸ್ಟೆಡ್ ಕಂಪನಿ, ಬೇರ್ಪಡಿಸದ ಕಸಕ್ಕೇ ಎಂಜೈಮು ಹಾಕಿ ಗ್ಯಾಸ್ ಮಾಡುವ ಘಟಕ ಕಟ್ಟಿತು. ವರ್ಷಕ್ಕೆ 1,20,000 ಟನ್ ಕಸ ಕರಗಿಸುವ ಯೋಜನೆ. ಅದು ನೆಟ್ಟಗೆ ಶುರುವಾಗೋದೇ ತಡವಾಯಿತು. ಇಂದೋರ್ ಮೊದಲು ಮನೆಯಲ್ಲೇ ಕಸ ಬೇರೆ ಮಾಡಿಸಿತು. ದಿನಕ್ಕೆ 550 ಟನ್ ಹಸಿ ಕಸದಿಂದ ಸುಮಾರು 17 ಟನ್ ಸಿಎನ್‌ಜಿ ತೆಗೆಯಬಲ್ಲ ಘಟಕ ಅಲ್ಲಿ 2022ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಆ ಗ್ಯಾಸಿನಲ್ಲಿ ಸಿಟಿ ಬಸ್ ಓಡುತ್ತವೆ.

ನಮ್ಮ ಬೆಂಗಳೂರೂ 2012ರಲ್ಲೇ ಕಸ ಬೇರ್ಪಡಿಸೋದನ್ನು ಕಡ್ಡಾಯ ಮಾಡಿತ್ತು, ಅದೂ ನಗರದ ಕಸ ಸುರಿಯುತ್ತಿದ್ದ ಮಾವಳ್ಳಿಪುರದ ಜನ ‘ನಿಮ್ಮ ಕಸ ಸಾಕಪ್ಪಾ’ ಅಂದಮೇಲೆ. ಅವರ ಊರಿನ ಪಕ್ಕ ರಾಶಿ ಬಿದ್ದಿದ್ದರಲ್ಲಿ ಎಷ್ಟೋ ಪಾಲು ಅನ್ನ, ಸಿಪ್ಪೆ, ಪೇಪರು. ಒಲೆ ಉರಿಸಬಹುದಾಗಿದ್ದ ಅದೇ ಕಸ, ಪ್ಲಾಸ್ಟಿಕ್ ಜೊತೆ ಕೊಳೆತು ಅವರ ನೀರನ್ನು ಹಾಳು ಮಾಡಿತು.