ನಾನೇ ಹೆಚ್ಚು ಓದಿಲ್ಲ, ಮಗಳ ಓದಿಗೆ ಹೇಗೆ ನೆರವಾಗಲಿ?

ಪ್ರಶ್ನೆ: ನಾನು ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಮಗಳು ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿ. ಮೂರರವರೆಗೆ ಖುಷಿಯಾಗಿ ಹೋಗುತ್ತಿದ್ದಳು, ಈಗ ಪುಸ್ತಕ ಕಂಡರೆ ಮುಖ ಸಪ್ಪೆ. ನನಗೆ ಹೇಳಿಕೊಡೋಕೆ ಬರಲ್ಲ. ಏನು ಮಾಡಲಿ?

ಉತ್ತರ: ಮೊದಲು ಆ ಸಪ್ಪೆ ಮುಖದ ವಿಷಯ. ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದರಿಂದ ಮೂರನೇ ತರಗತಿವರೆಗೆ ನಡೆಯುವುದು ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂದ ಪದ್ಧತಿ ಇದು. ಕಾರ್ಡು, ಹಾಡು, ಆಟ. ಮಕ್ಕಳು ಗುಂಪುಗುಂಪಾಗಿ ಕೂತು ಅವರವರ ವೇಗದಲ್ಲಿ ಕಲಿಯುತ್ತಾರೆ. ನಾಲ್ಕಕ್ಕೆ ಬಂದಾಗ ಕಾರ್ಡು ಹೋಗಿ ಪಾಠಪುಸ್ತಕ ಬರುತ್ತದೆ, ಇಡೀ ತರಗತಿ ಒಟ್ಟಿಗೆ ಮುಂದೆ ಹೋಗುತ್ತದೆ. ಒತ್ತಕ್ಷರ ಇನ್ನೂ ಕೈಗೆ ಸಿಗದ ಮಗು ಇಲ್ಲೇ ಹಿಂದೆ ಬೀಳೋದು. ನಿಮ್ಮ ಮಗಳಿಗೂ ಹೀಗೇ ಆಗಿರಬಹುದು. ಅದು ಅವಳ ದಡ್ಡತನವಲ್ಲ, ದಯವಿಟ್ಟು ಬೈಯಬೇಡಿ.

ನಿಮಗೆ ಪಾಠ ಹೇಳಿಕೊಡೋಕೆ ಬರಬೇಕಾಗಿಲ್ಲ. ಐದನೇ ಕ್ಲಾಸ್ ಓದಿದವರಿಗೆ ಕನ್ನಡ ಓದೋಕೆ ಬರುತ್ತೆ, ಅಲ್ವಾ? ಅಷ್ಟು ಸಾಕು. ರಾತ್ರಿ ನೀವು ರೊಟ್ಟಿ ಬಡಿಯುವಾಗಲೋ ಸೊಪ್ಪು ಬಿಡಿಸುವಾಗಲೋ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪುಟ ಜೋರಾಗಿ ಓದಿಸಿ. ಎಲ್ಲಿ ತಡವರಿಸುತ್ತಾಳೆ ಅಂತ ಸುಮ್ನೆ ಕೇಳಿಸಿಕೊಳ್ಳಿ. 'ಅಕ್ಕ' ಸಲೀಸಾಗಿ ಓದಿ 'ಶಾಸ್ತ್ರ' ಬಂದಾಗ ನಿಂತರೆ ಎಡವುತ್ತಿರುವುದು ಎಲ್ಲಿ ಅಂತ ನಿಮಗೇ ತಿಳಿಯುತ್ತದೆ. ಓದಿ ಮುಗಿಸಿದ ಮೇಲೆ "ಏನಾಯ್ತಂತೆ ಅದರಲ್ಲಿ, ನಂಗೆ ಹೇಳು" ಅನ್ನಿ. ತಾಯಿಗೆ ಗೊತ್ತಿಲ್ಲದ್ದನ್ನು ತಾನು ಹೇಳುವಾಗ ಮಗುವಿಗೆ ಸಿಗುವ ಧೈರ್ಯ ದೊಡ್ಡದು.

ಲೆಕ್ಕಕ್ಕೆ ಡೇರಿಗೆ ಹಾಲು ಹಾಕುವ ಪುಸ್ತಕವೋ ಸಂಘದ ಉಳಿತಾಯದ ಪುಸ್ತಕವೋ ಇದ್ದರೆ ಅವಳ ಕೈಗೆ ಕೊಡಿ. ಬೆಳಿಗ್ಗೆ ನಾಲ್ಕೂವರೆ ಲೀಟರ್, ಸಂಜೆ ಮೂರು, ವಾರಕ್ಕೆ ಎಷ್ಟಾಯಿತು? ಅವಳು ಕೂಡಲಿ, ನೀವು ನಿಮ್ಮ ಬಾಯಿಲೆಕ್ಕದಲ್ಲಿ ತಾಳೆ ನೋಡಿ.

ಇನ್ನೊಂದು ಮಾತು, ಸ್ವಲ್ಪ ಕಹಿ ಅನ್ನಿಸಬಹುದು. ಜಾತ್ರೆ, ನೆಂಟರ ಮದುವೆ, ತಮ್ಮನನ್ನು ನೋಡಿಕೊಳ್ಳೋದು ಅಂತ ಹೆಣ್ಣುಮಕ್ಕಳನ್ನು ಶಾಲೆ ಬಿಡಿಸುವುದು ಜಾಸ್ತಿ. ಮೂರು ದಿನ ತಪ್ಪಿದರೆ ಒಂದು ಪಾಠವೇ ತಪ್ಪಿಹೋಗುತ್ತದೆ. ಇದನ್ನು ತಡೆಯೋಕೆ ಓದು ಬೇಕಿಲ್ಲ.

ಈಗ ಶಾಲೆಯ ಕಡೆ. "ನಮ್ಮ ಹುಡುಗಿ ಹೇಗೆ ಓದ್ತಾಳೆ ಮೇಡಂ?" ಅಂದರೆ "ಪರವಾಗಿಲ್ಲ" ಅನ್ನೋ ಉತ್ತರವೇ ಬರುತ್ತದೆ. ಹಾಗೆ ಕೇಳಬೇಡಿ. "ಒಂದು ಪ್ಯಾರಾ ತಾನೇ ಓದ್ತಾಳಾ? ದಶಕ ತಗೊಂಡು ಕಳೆಯೋ ಲೆಕ್ಕ ಬರುತ್ತಾ? ಎಲ್ಲಿ ಹಿಂದೆ ಇದ್ದಾಳೆ?" ಅಂತ ಬಿಡಿಸಿ ಕೇಳಿ. ಸಂಕೋಚ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಮಗುವಿನ ಹಾಜರಿ, ಕಲಿಕೆ, ಪ್ರಗತಿಯ ಬಗ್ಗೆ ತಂದೆತಾಯಿಯ ಜೊತೆ ಸಭೆ ನಡೆಸಿ ತಿಳಿಸುವುದು ಶಿಕ್ಷಕರ ಕರ್ತವ್ಯ. ನೀವು ಕೇಳುತ್ತಿರುವುದು ಉಪಕಾರವಲ್ಲ. 'ಸಮುದಾಯದತ್ತ ಶಾಲೆ' ಕಾರ್ಯಕ್ರಮಕ್ಕೆ ಕರೆ ಬಂದರೆ ತಪ್ಪದೆ ಹೋಗಿ. ಮಕ್ಕಳು ಏನು ಕಲಿತಿದ್ದಾರೆ ಅಂತ ಪೋಷಕರ ಮುಂದೆ ಇಡೋಕೇ ಅದು ಇರುವುದು.

ಅದೇ ಕಾಯ್ದೆಯ 21ನೇ ಸೆಕ್ಷನ್ ನಿಮ್ಮಂಥವರಿಗೆ ಇನ್ನೂ ಮುಖ್ಯ. ಸರ್ಕಾರಿ ಶಾಲೆಯ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಭಾಗ ತಂದೆತಾಯಂದಿರು ಅಥವಾ ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ನಮ್ಮಲ್ಲಿ ಅದನ್ನು ಎಸ್‌ಡಿಎಂಸಿ ಅನ್ನುತ್ತೇವೆ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಮುಖ್ಯ ಶಿಕ್ಷಕರು ಅದರ ಕಾರ್ಯದರ್ಶಿ, ಅಧ್ಯಕ್ಷರು ಪೋಷಕರಲ್ಲೊಬ್ಬರು. ಶಾಲೆ ಹೇಗೆ ನಡೆಯುತ್ತಿದೆ, ಬಂದ ಅನುದಾನ ಎಲ್ಲಿ ಖರ್ಚಾಯಿತು ಅಂತ ನೋಡುವುದು, ಶಾಲೆಯ ಅಭಿವೃದ್ಧಿ ಯೋಜನೆ ಮಾಡುವುದು ಅದರ ಕೆಲಸ. ಹುಡುಗಿಯರ ಶೌಚಾಲಯಕ್ಕೆ ನೀರು ಬರುತ್ತಾ, ಬಿಸಿಯೂಟದ ಸಾರು ಹೇಗಿದೆ ಅಂತ ಕೇಳೋಕೆ ಎಷ್ಟು ಓದಿರಬೇಕು ಹೇಳಿ?

ಸಭೆ ಅಂದರೆ ಒಂದು ದಿನದ ಕೂಲಿ ಹೋಗುತ್ತೆ ಅನ್ನೋದು ನಿಜವಾದ ಕಷ್ಟ. ನಾಲ್ಕೈದು ತಾಯಂದಿರು ಸೇರಿ ಸಂಜೆ ಹೊತ್ತು ಇಡಿ ಅಂತ ಕೇಳಿ. ಒಬ್ಬರೇ ಕೇಳುವುದಕ್ಕಿಂತ ಇದು ಸುಲಭ.

ನೀವು ಸದಸ್ಯರಾದರೆ ಒಂದು ವಿಷಯ ಗಮನದಲ್ಲಿರಲಿ. ಕೆಲವು ಕಡೆ ಸಭೆಯೇ ನಡೆಯದೆ ನಡಾವಳಿ ಪುಸ್ತಕ ಮನೆಬಾಗಿಲಿಗೆ ಬರುತ್ತದೆ, "ಇಲ್ಲೊಂದು ಸಹಿ ಹಾಕಿ" ಅಂತ. ಆಗ ಹಾಕಬೇಡಿ. ಸಭೆ ನಡೆದಿದ್ದರೂ ಅದರಲ್ಲಿ ಏನು ಬರೆದಿದ್ದಾರೆ ಅಂತ ತಿಳಿದುಕೊಂಡೇ ಹಾಕಿ. ಆ ಕೈಬರಹ ನಿಮಗೆ ಕಷ್ಟವಾದರೆ ಮಗಳನ್ನು ಕರೆದು ಜೋರಾಗಿ ಓದಿಸಿ. ಒತ್ತಕ್ಷರ ಬಂದಲ್ಲಿ ನಿಂತರೆ ನಿಲ್ಲಲಿ, ಪುಸ್ತಕ ತಂದವರು ಸ್ವಲ್ಪ ಹೊತ್ತು ಕಾಯುತ್ತಾರೆ.