ಡಿಕ್ಷನರಿ ಸರಿ ಇದೆ, ಜರ್ಮನ್ ವಾಕ್ಯ ಮಾತ್ರ ತಪ್ಪು. ಯಾಕೆ?

ಪ್ರಶ್ನೆ: ಜರ್ಮನ್ ಕಲಿಯುತ್ತಿದ್ದೇನೆ. ಇಂಗ್ಲಿಷ್ ಪದಕ್ಕೆ ಡಿಕ್ಷನರಿ ಕೊಟ್ಟ ಜರ್ಮನ್ ಪದವನ್ನೇ ಹಾಕುತ್ತೇನೆ, ವ್ಯಾಕರಣವನ್ನೂ ನೋಡಿಕೊಳ್ಳುತ್ತೇನೆ. ಆದರೂ ಕೇಳಿದವರು ನಗುತ್ತಾರೆ. ಊಟ ಮುಗಿಸಿ 'ಐ ಆಮ್ ಫುಲ್' ಅನ್ನೋಕೆ 'ಇಶ್ ಬಿನ್ ಫೊಲ್' ಅಂದೆ, ಅದಕ್ಕೂ ನಕ್ಕರು. ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ಮೊದಲು ಆ ನಗುವಿನ ವಿಷಯ ಮುಗಿಸೋಣ. 'ಇಶ್ ಬಿನ್ ಫೊಲ್' ಅಂದರೆ ಆಡುಮಾತಿನಲ್ಲಿ 'ಕುಡಿದು ಟೈಟ್ ಆಗಿದ್ದೇನೆ' ಅನ್ನೋ ಅರ್ಥವೂ ಬರುತ್ತದೆ. ಹೊಟ್ಟೆ ತುಂಬಿತು ಅನ್ನೋಕೆ 'ಇಶ್ ಬಿನ್ ಜಟ್' ಅನ್ನಬೇಕು. ನಿಮ್ಮ ಡಿಕ್ಷನರಿ ಸುಳ್ಳು ಹೇಳಿಲ್ಲ. ಬಾಟಲಿ ಫುಲ್ ಆದರೆ ಫೊಲ್, ಹೊಟ್ಟೆ ಫುಲ್ ಆದರೆ ಜಟ್. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ, ತೊಂದರೆ ಅಲ್ಲೇ ಇರೋದು.

ಇಂಗ್ಲಿಷಿನ ದಿನಬಳಕೆಯ ಪದಗಳು ದೊಡ್ಡ ಚೀಲದ ಹಾಗೆ, ಹತ್ತು ಅರ್ಥ ತುಂಬಿರುತ್ತವೆ. ಜರ್ಮನ್ ಆ ಹತ್ತನ್ನೂ ಬೇರೆ ಬೇರೆ ಡಬ್ಬಿಗೆ ಹಾಕುತ್ತದೆ. ನೀವು ಚೀಲದ ಹೆಸರು ಕೇಳುತ್ತೀರಿ, ಡಿಕ್ಷನರಿ ಯಾವುದೋ ಒಂದು ಡಬ್ಬಿ ಕೊಡುತ್ತದೆ. ಮಜಾ ಏನು ಗೊತ್ತಾ? ಎಷ್ಟೋ ಸಲ ಆ ಡಬ್ಬಿಗಳು ಕನ್ನಡದಲ್ಲೂ ಇವೆ.

'ನೋ' ಅನ್ನೋ ಕ್ರಿಯಾಪದವನ್ನೇ ನೋಡಿ. ವಿಷಯ ಗೊತ್ತಿದ್ದರೆ ಜರ್ಮನ್ನಿನಲ್ಲಿ 'ವಿಸನ್', ಮನುಷ್ಯರ ಪರಿಚಯ ಇದ್ದರೆ 'ಕೆನನ್', ಭಾಷೆ ಬರುತ್ತದೆ ಅನ್ನೋಕೆ 'ಕ್ಯೊನನ್'. ಇಂಗ್ಲಿಷಿನಿಂದ ಹೊರಟವರಿಗೆ ಇದು ತಲೆನೋವು. ನಮಗೆ? ಉತ್ತರ ಗೊತ್ತು, ಅವರ ಪರಿಚಯ ಇದೆ, ಜರ್ಮನ್ ಬರುತ್ತೆ. ನಾವು ಮೊದಲಿಂದಲೂ ಹೀಗೇ ಮೂರು ಥರ ಹೇಳುತ್ತಾ ಬಂದಿದ್ದೇವೆ, ಅಲ್ವಾ? 'ಇಶ್ ಕನ್ ಡೊಯ್ಚ್' ಅಂದರೆ ಥೇಟ್ 'ನನಗೆ ಜರ್ಮನ್ ಬರುತ್ತೆ'.

ಚಳಿಯದ್ದೂ ಇದೇ ಕಥೆ. 'ಐ ಆಮ್ ಕೋಲ್ಡ್' ಅನ್ನೋದನ್ನು ಹಾಗೇ ಇಳಿಸಿ 'ಇಶ್ ಬಿನ್ ಕಲ್ಟ್' ಅಂದರೆ ನಿಮ್ಮ ಮೈಯೋ ಮನಸ್ಸೋ ತಣ್ಣಗಿದೆ ಅಂದ ಹಾಗೆ. ಸೆಕೆಗೆ 'ಇಶ್ ಬಿನ್ ಹೈಸ್' ಅಂದುಬಿಟ್ಟರಂತೂ ಮುಜುಗರದ ಅರ್ಥ ಬರುತ್ತದೆ, ಬಿಡಿಸಿ ಹೇಳೋದು ಬೇಡ. ಸರಿಯಾದದ್ದು 'ಮೀರ್ ಇಸ್ಟ್ ಕಲ್ಟ್', 'ಮೀರ್ ಇಸ್ಟ್ ಹೈಸ್'. ಮೀರ್ ಅಂದರೆ 'ನನಗೆ'. ನನಗೆ ಚಳಿ, ನನಗೆ ಸೆಕೆ. ಇಂಗ್ಲಿಷನ್ನು ನಡುವೆ ತಂದು ಸುಮ್ನೆ ಸುತ್ತು ಹಾಕುತ್ತಿದ್ದೀರಿ ಅಷ್ಟೆ.

ಹಾಗಂತ ಕನ್ನಡ ಎಲ್ಲ ಕಡೆ ಕೈಹಿಡಿಯಲ್ಲ. 'ಪುಟ್' ಅಂದರೆ ನಾವೂ ಹೆಚ್ಚಾಗಿ 'ಇಡು' ಅಂತ ಮುಗಿಸುತ್ತೇವೆ. ಜರ್ಮನ್ನರು ಇಡುವ ವಸ್ತು ಹೇಗೆ ಕೂರುತ್ತದೆ ಅಂತ ನೋಡಿ ಮಾತಾಡುತ್ತಾರೆ. ನಿಲ್ಲಿಸಿದರೆ ಷ್ಟೆಲನ್, ಮಲಗಿಸಿದರೆ ಲೇಗನ್, ಕೂರಿಸಿದರೆ ಜೆಟ್ಸನ್, ಒಳಗೆ ಸಿಕ್ಕಿಸಿದರೆ ಷ್ಟೆಕನ್, ನೇತುಹಾಕಿದರೆ ಹೆಂಗನ್. ಪುಸ್ತಕವನ್ನು ಶೆಲ್ಫಿನಲ್ಲಿ ನೆಟ್ಟಗೆ ಜೋಡಿಸಿದರೆ ಷ್ಟೆಲನ್, ಅದನ್ನೇ ಮೇಜಿನ ಮೇಲೆ ಅಡ್ಡ ಇಟ್ಟರೆ ಲೇಗನ್. ಇಷ್ಟು ಕಲಿತು ಧೈರ್ಯ ಬಂದಮೇಲೆ ತಟ್ಟೆ ಬಂದು ಕೈಕೊಡುತ್ತದೆ: ಅದು ಚಪ್ಪಟೆ, ಆದರೂ ಜರ್ಮನ್ ತಟ್ಟೆ ಮೇಜಿನ ಮೇಲೆ 'ನಿಲ್ಲುತ್ತದೆ', ಯಾಕೆಂದರೆ ಅದಕ್ಕೆ ತಳ ಇದೆ, ತಳದ ಮೇಲೆ ನೆಟ್ಟಗೆ ಕೂತಿದೆ ಅನ್ನೋ ಲೆಕ್ಕ. ಪಕ್ಕದ ಫೋರ್ಕ್ ಮಾತ್ರ 'ಮಲಗಿರುತ್ತದೆ'. ಇದಿಷ್ಟೂ ಸಾಲದು ಅಂತ ಪ್ರಶ್ನೆಯನ್ನೂ ಅವರು ಕೇಳುವುದಿಲ್ಲ, ಬಾಟಲಿ ಥರ ನಿಲ್ಲಿಸುತ್ತಾರೆ: 'ಐನ ಫ್ರಾಗ ಷ್ಟೆಲನ್'. ಇಂಥವನ್ನು ಜೋಡಿಯಾಗೇ ಬಾಯಿಪಾಠ ಮಾಡಬೇಕು, ಬೇರೆ ದಾರಿ ಇಲ್ಲ.

ನೋಡೋಕೆ ಇಂಗ್ಲಿಷಿನ ಥರಾನೇ ಇರುವ ಪದಗಳು ಇನ್ನೂ ಅಪಾಯ. 'ಬೆಕೊಮನ್' ಅಂದರೆ ಆಗುವುದಲ್ಲ, ಸಿಗುವುದು. ಡಾಕ್ಟರ್ ಆಗ್ತೀನಿ ಅನ್ನೋಕೆ ಆ ಪದ ಹಾಕಿದರೆ 'ನನಗೊಬ್ಬ ಡಾಕ್ಟರ್ ಸಿಗ್ತಾನೆ' ಅಂತಾಗುತ್ತದೆ. 'ಇಶ್ ವೆರ್ಡ ಆರ್ಟ್ಸ್ಟ್' ಅನ್ನಿ. 'ಗಿಫ್ಟ್' ಅಂದರೆ ವಿಷ ಅನ್ನೋದು ಬಹಳ ಜನಕ್ಕೆ ಗೊತ್ತು. ಅದೂ ಒಂದು ಕಾಲಕ್ಕೆ 'ಕೊಡುವುದು' ಅನ್ನೋ ಅರ್ಥದ್ದೇ. ಆ ಹಳೇ ಅರ್ಥ 'ಮಿಟ್‌ಗಿಫ್ಟ್' ಅನ್ನೋ ಪದದಲ್ಲಿ ಉಳಿದಿದೆ, ಅಂದರೆ ವರದಕ್ಷಿಣೆ.

ಇನ್ನು ನುಡಿಗಟ್ಟು. ಕೆಲವು ಹಾಗೇ ಹೊಂದುತ್ತವೆ: ಗುಟ್ಟು ಬಿಟ್ಟುಕೊಟ್ಟರೆ ಇಂಗ್ಲಿಷ್, ಜರ್ಮನ್ ಎರಡರಲ್ಲೂ ಚೀಲದಿಂದ ಹೊರಬರೋದು ಬೆಕ್ಕೇ. ಕೆಲವದರಲ್ಲಿ ಚಿತ್ರ ಬದಲಾಗುತ್ತದೆ. ಒಂದೇ ಕಲ್ಲಿಗೆ ಎರಡು ಹಕ್ಕಿ ಅನ್ನೋ ಕಡೆ ಜರ್ಮನ್ನರು ಒಂದೇ ಏಟಿಗೆ ಎರಡು ನೊಣ ಹೊಡೆಯುತ್ತಾರೆ. ನಾವು ಕಡ್ಡಿಯನ್ನು ಗುಡ್ಡ ಮಾಡಿದರೆ ಅವರು ಸೊಳ್ಳೆಯನ್ನು ಆನೆ ಮಾಡುತ್ತಾರೆ. ಇಂಗ್ಲಿಷಿನ ಮಳೆಯಲ್ಲಿ ನಾಯಿ ಬೆಕ್ಕು ಸುರಿದರೆ ಜರ್ಮನ್ನಿನಲ್ಲಿ ಬಕೆಟ್ಟಿನಿಂದ ಸುರಿದ ಹಾಗೆ ಮಳೆ ಬರುತ್ತದೆ. ಯಾರಿಗೋ ಒಳ್ಳೇದಾಗಲಿ ಅಂತ ಇಂಗ್ಲಿಷಿನವರ ಥರ ಬೆರಳು ಹೆಣೆಯೋದರ ಬದಲು ಜರ್ಮನ್ನರು ಹೆಬ್ಬೆರಳನ್ನು ಮುಷ್ಟಿಯೊಳಗೆ ಒತ್ತುತ್ತಾರೆ. ನನಗೆ ಹೆಚ್ಚು ಭಯ ಇರೋದು ಬಹುತೇಕ ಹೊಂದುವಂಥವುಗಳದ್ದೇ. 'ನಾಟ್ ಮೈ ಕಪ್ ಆಫ್ ಟೀ' ಅಂದರೆ ನನಗೆ ಹಿಡಿಸಲ್ಲ. ಜರ್ಮನ್ನಿನ 'ನಿಶ್ಟ್ ಮೈನ್ ಬೀರ್' ಅದರ ತಮ್ಮನ ಥರ ಕಾಣುತ್ತದೆ, ಆದರೆ ಅರ್ಥ 'ಅದು ನನಗೆ ಸಂಬಂಧಪಟ್ಟದ್ದಲ್ಲ'. ಯಾರೋ ಪ್ರೀತಿಯಿಂದ ತೋರಿಸಿದ ಚಿತ್ರ ನೋಡಿ ಹಾಗಂದರೆ ಕಷ್ಟ.

ನಾನು ಮಾಡೋದು ಇಷ್ಟು. ಇಂಗ್ಲಿಷ್ ವಾಕ್ಯವನ್ನು ಪಕ್ಕಕ್ಕಿಟ್ಟು, ಹೇಳಬೇಕಾದ್ದನ್ನು ಸಾದಾ ಕನ್ನಡದಲ್ಲಿ ಹೇಳಿಕೊಳ್ಳುತ್ತೇನೆ. ಆಮೇಲೆ ಸಿಕ್ಕ ಜರ್ಮನ್ ಪದವನ್ನು ಜರ್ಮನ್ನಿನಲ್ಲೇ ಅರ್ಥ ಕೊಡುವ ಕೋಶದಲ್ಲಿ ತಿರುಗಿ ನೋಡುತ್ತೇನೆ. 1880ರಲ್ಲಿ ಕೊನ್ರಾಡ್ ಡೂಡನ್ ತಂದ ಕಾಗುಣಿತ ಕೋಶದಿಂದ ಶುರುವಾದ ಡೂಡನ್ ಈಗ ಆನ್‌ಲೈನ್ ಇದೆ. ಅಲ್ಲಿ ಅರ್ಥಕ್ಕಿಂತ ಉದಾಹರಣೆ ವಾಕ್ಯಗಳನ್ನೇ ಜಾಸ್ತಿ ಓದಿ.

'ಲುಕಿಂಗ್ ಫಾರ್ವರ್ಡ್' ಬೇಕು ಅಂದುಕೊಳ್ಳಿ. ಕನ್ನಡದಲ್ಲಿ 'ಎದುರು ನೋಡ್ತಿದ್ದೀನಿ' ಅಂದುಕೊಂಡರೆ ಮತ್ತೆ 'ನೋಡು' ಅನ್ನೋದರಲ್ಲೇ ಸಿಕ್ಕಿಬೀಳುತ್ತೀರಿ. ಇನ್ನೂ ಸಾದಾ ಮಾಡಿ: ನೀವು ಬರ್ತೀರಿ ಅಂತ ಖುಷಿ. ಖುಷಿಪಡು ಅಂದರೆ 'ಫ್ರೊಯನ್', ಅಲ್ಲಿಗೆ ಸರಿಯಾದ ಬಾಗಿಲಿಗೆ ಬಂದಿರಿ. ಉದಾಹರಣೆಗಳನ್ನು ಓದಿದಾಗ ಉಳಿದದ್ದು ಸಿಗುತ್ತದೆ: ಮುಂದೆ ಬರಲಿರುವುದಕ್ಕೆ ಖುಷಿಯಾದರೆ ಜೊತೆಗೆ 'ಔಫ್', ಆಗಲೇ ಆಗಿಹೋದದ್ದಕ್ಕೆ 'ಊಬರ್'. ಇದನ್ನು ಅದಲುಬದಲು ಮಾಡಿದರೆ ನೆಂಟರು ಬರುವ ಮೊದಲೇ ಬಂದು ಹೋದ ಹಾಗಾಗುತ್ತದೆ.