ದಿನವಿಶೇಷ: ಒಂದೇ ತಾರೀಖು, ಹಲವು ಇಸವಿಗಳು

ಮೈಸೂರು, ಮಂಡ್ಯ ಕಡೆಯ ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಒಬ್ಬರು ಪಂಚಾಂಗ ಓದುತ್ತಾರೆ, ಒಬ್ಬರು ಸುಭಾಷಿತ ಹೇಳುತ್ತಾರೆ, ಮತ್ತೊಬ್ಬರು ಪತ್ರಿಕೆಯ ಮುಖ್ಯಾಂಶಗಳನ್ನು ಓದುತ್ತಾರೆ. ಇವುಗಳ ಜೊತೆಗೆ ಅನೇಕ ಕಡೆ ‘ಇಂದಿನ ದಿನವಿಶೇಷ’ ಎಂಬ ಭಾಗವೂ ಇರುತ್ತದೆ. ಇಸವಿ ಯಾವುದೇ ಆಗಿರಲಿ, ಅದೇ ತಿಂಗಳ ಅದೇ ತಾರೀಖಿನಂದು ನಡೆದ ಐತಿಹಾಸಿಕ ಘಟನೆಗಳು, ಹುಟ್ಟಿದ ಅಥವಾ ತೀರಿಕೊಂಡ ಗಣ್ಯರು, ಆಟದ ಮೈದಾನದಲ್ಲಿ ಮೂಡಿದ ದಾಖಲೆಗಳು, ಇವನ್ನೆಲ್ಲ ಒಂದೆಡೆ ಸೇರಿಸಿ ಹೇಳುವುದೇ ದಿನವಿಶೇಷ. ದಿನಾಚರಣೆ ಇದಕ್ಕಿಂತ ಬೇರೆ. ದಿನಾಚರಣೆಯನ್ನು ಸರ್ಕಾರವೋ ಒಂದು ಸಂಸ್ಥೆಯೋ ಗೊತ್ತುಪಡಿಸಬೇಕು. ದಿನವಿಶೇಷಕ್ಕೆ ಯಾರ ಆದೇಶವೂ ಬೇಕಿಲ್ಲ. 1904ರ ಡಿಸೆಂಬರ್ 29ರಂದು ಕುವೆಂಪು ಹುಟ್ಟಿದರು ಎಂಬುದು ದಿನವಿಶೇಷ. ಅದೇ ದಿನವನ್ನು ರಾಜ್ಯ ಸರ್ಕಾರ ‘ವಿಶ್ವಮಾನವ ದಿನ’ವಾಗಿ ಆಚರಿಸುವುದು ದಿನಾಚರಣೆ.

ಒಂದೇ ತಾರೀಖಿಗೆ ಇಷ್ಟೊಂದು ಸಂಗತಿಗಳು ಹೇಗೆ ಕೂಡಿ ಬರುತ್ತವೆ ಎಂದು ಮಕ್ಕಳು ಕೇಳುವುದುಂಟು. ವರ್ಷಕ್ಕೆ ಇರುವುದು ಹೆಚ್ಚೆಂದರೆ 366 ತಾರೀಖುಗಳು, ದಾಖಲಾದ ಇತಿಹಾಸವಾದರೋ ಸಾವಿರಾರು ವರ್ಷಗಳದ್ದು. ಹಾಗಾಗಿ ಯಾವ ತಾರೀಖೂ ಖಾಲಿ ಉಳಿಯಲು ಸಾಧ್ಯವಿಲ್ಲ. ಗಣಿತದ ಒಂದು ಪ್ರಸಿದ್ಧ ಲೆಕ್ಕದ ಪ್ರಕಾರ ಒಂದು ಕೋಣೆಯಲ್ಲಿ 23 ಜನರಿದ್ದರೆ ಅವರಲ್ಲಿ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಂಭವ ಅರ್ಧಕ್ಕಿಂತ ಹೆಚ್ಚು. 57 ಜನರಿದ್ದರೆ ಅದು ಶೇಕಡ 99ನ್ನು ದಾಟುತ್ತದೆ. ನಮ್ಮ ಶಾಲೆಗಳ ತುಂಬಿದ ತರಗತಿಗಳಲ್ಲಿ ಹಾಜರಿ ಪುಸ್ತಕ ತೆರೆದು ಯಾರು ಬೇಕಾದರೂ ಇದನ್ನು ಪರೀಕ್ಷಿಸಬಹುದು.

ಆಗಸ್ಟ್ 31ನ್ನು ತೆಗೆದುಕೊಳ್ಳೋಣ, ಏಕೆಂದರೆ ಅದು ಮೈಸೂರಿನವರಿಗೆ ಸೇರಿದ ದಿನವೂ ಹೌದು. 1968ರ ಆ ದಿನ ವೇಲ್ಸ್‌ನ ಸ್ವಾನ್ಸಿಯಲ್ಲಿ ಗ್ಲಾಮರ್ಗನ್ ತಂಡದ ವಿರುದ್ಧ ಆಡುತ್ತಿದ್ದ ನಾಟಿಂಗ್‌ಹ್ಯಾಮ್‌ಶೈರ್ ನಾಯಕ ಗ್ಯಾರಿ ಸೋಬರ್ಸ್, ಮಾಲ್ಕಂ ನ್ಯಾಶ್ ಎಸೆದ ಒಂದೇ ಓವರಿನ ಆರೂ ಎಸೆತಗಳನ್ನು ಸಿಕ್ಸರಿಗೆ ಅಟ್ಟಿದರು. ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ಹಾಗಾದದ್ದು ಅದೇ ಮೊದಲು. ಐದನೆಯ ಎಸೆತದ ಕತೆಯನ್ನು ಬಿಡಿಸಿ ಹೇಳಲೇಬೇಕು. ಚೆಂಡು ಬೌಂಡರಿಯ ಬಳಿ ನಿಂತಿದ್ದ ರೋಜರ್ ಡೇವಿಸ್ ಕೈಗೆ ಸಿಕ್ಕಿತ್ತು, ಆದರೆ ಹಿಡಿದ ರಭಸಕ್ಕೆ ಆತ ಹಿಂದಕ್ಕೆ ಬಿದ್ದು ಗೆರೆ ದಾಟಿದರು. ಔಟೆಂದು ಭಾವಿಸಿ ಸೋಬರ್ಸ್ ಹೊರನಡೆಯಲು ತೊಡಗಿದಾಗ ಅಂಪೈರುಗಳು ಸಮಾಲೋಚಿಸಿ ಅದನ್ನು ಸಿಕ್ಸರ್ ಎಂದು ತೀರ್ಪಿತ್ತರು. ಆರನೆಯ ಚೆಂಡು ಮೈದಾನವನ್ನೇ ದಾಟಿ ರಸ್ತೆಗೆ ಹೋಯಿತು.

ಸರಿಯಾಗಿ ಒಂದು ವರ್ಷದ ನಂತರ, 1969ರ ಆಗಸ್ಟ್ 31ರಂದು, ಜಾವಗಲ್ ಶ್ರೀನಾಥ್ ಮೈಸೂರಿನಲ್ಲಿ ಹುಟ್ಟಿದರು. ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಅವರು 1989–90ರ ಋತುವಿನಲ್ಲಿ ಕರ್ನಾಟಕದ ಪರ ಆಡಿದ ಮೊದಲ ರಣಜಿ ಪಂದ್ಯದಲ್ಲೇ ಹೈದರಾಬಾದ್ ವಿರುದ್ಧ ಹ್ಯಾಟ್ರಿಕ್ ಗಳಿಸಿದರು. ಮುಂದೆ ಟೆಸ್ಟ್‌ಗಳಲ್ಲಿ 236, ಏಕದಿನ ಪಂದ್ಯಗಳಲ್ಲಿ 315 ವಿಕೆಟ್ ಪಡೆದರು. ಏಕದಿನ ಕ್ರಿಕೆಟ್‌ನಲ್ಲಿ ಮುನ್ನೂರು ದಾಟಿದ ಮೊದಲ ಭಾರತೀಯ ವೇಗಿ ಅವರೇ. ಮರಿಯಾ ಮಾಂಟೆಸ್ಸೊರಿ (1870) ಮತ್ತು ಅಮೃತಾ ಪ್ರೀತಮ್ (1919) ಹುಟ್ಟಿದ್ದು, ಮಲಯಾ ಸ್ವತಂತ್ರವಾದದ್ದು (1957) ಕೂಡ ಇದೇ ದಿನ. ಸೋಬರ್ಸ್ ಬ್ಯಾಟಿಗೂ ಶ್ರೀನಾಥ್ ಹುಟ್ಟಿಗೂ ಯಾವ ನಂಟೂ ಇಲ್ಲ ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ. ಆದರೂ ಇಬ್ಬರನ್ನೂ ಒಂದೇ ಉಸಿರಿನಲ್ಲಿ ಹೇಳಿದಾಗ, ಶ್ರೀನಾಥ್ ಹೆಸರು ಗೊತ್ತಿದ್ದ ಹುಡುಗನಿಗೆ ಸೋಬರ್ಸ್ ಹೆಸರು ಹೊಸದಾಗಿ ಪರಿಚಯವಾಗುತ್ತದೆ. ದಿನವಿಶೇಷದ ನಿಜವಾದ ಉಪಯೋಗ ಇದು ಎಂದು ನಾನು ನಂಬುತ್ತೇನೆ.

ಎಲ್ಲ ಹೊಂದಿಕೆಗಳೂ ಆಕಸ್ಮಿಕವಲ್ಲ ಎಂಬುದನ್ನು ಮಾತ್ರ ಗಮನಿಸಬೇಕು. ಭಾರತ ತನ್ನ ಮೊದಲ ಟೆಸ್ಟ್ ಪಂದ್ಯವನ್ನು ಸಿ.ಕೆ. ನಾಯುಡು ನಾಯಕತ್ವದಲ್ಲಿ ಲಾರ್ಡ್ಸ್ ಮೈದಾನದಲ್ಲಿ ಆರಂಭಿಸಿದ್ದು 1932ರ ಜೂನ್ 25ರಂದು. ಅದೇ ಮೈದಾನದಲ್ಲಿ, ಅದೇ ತಾರೀಖಿನಂದು, 1983ರಲ್ಲಿ ವೆಸ್ಟ್ ಇಂಡೀಸನ್ನು 43 ರನ್‌ಗಳಿಂದ ಸೋಲಿಸಿ ವಿಶ್ವಕಪ್ ಗೆದ್ದಿತು. 1975ರ ಜೂನ್ 25ರ ರಾತ್ರಿ ದೇಶದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಈ ಮೂರೂ ಒಂದೇ ತಾರೀಖಿಗೆ ಬಿದ್ದದ್ದು ಕೇವಲ ಕಾಕತಾಳೀಯ. ಜನವರಿ 26ರ ಮಾತೇ ಬೇರೆ. 1930ರ ಆ ದಿನವನ್ನು ದೇಶದಾದ್ಯಂತ ಪೂರ್ಣ ಸ್ವರಾಜ್ಯದ ದಿನವಾಗಿ ಆಚರಿಸಿದ್ದರಿಂದಲೇ, 1949ರ ನವೆಂಬರ್ 26ರಂದು ಅಂಗೀಕಾರವಾಗಿದ್ದ ಸಂವಿಧಾನವನ್ನು ಜಾರಿಗೆ ತರಲು 1950ರ ಜನವರಿ 26ರವರೆಗೆ ಕಾಯಲಾಯಿತು. ಇಲ್ಲಿ ಹಳೆಯ ತಾರೀಖು ಹೊಸ ಘಟನೆಗೆ ಕಾರಣವೇ ಆಗಿದೆ. ರಾಜ್ಯಕ್ಕೆ ಕರ್ನಾಟಕ ಎಂದು ಮರುನಾಮಕರಣವಾದ 1973ರ ನವೆಂಬರ್ 1 ಕೂಡ 1956ರ ನವೆಂಬರ್ 1ನ್ನು ನೆನೆದು ಆರಿಸಿಕೊಂಡದ್ದೇ. ದಿನವಿಶೇಷ ಹೇಳುವವರು ಯಾವುದು ಆಕಸ್ಮಿಕ, ಯಾವುದು ಬೇಕೆಂದೇ ಆರಿಸಿದ್ದು ಎಂಬುದನ್ನು ಒಂದು ವಾಕ್ಯದಲ್ಲಾದರೂ ತಿಳಿಸಬೇಕು.

ನಮ್ಮಲ್ಲಿ ದಿನವನ್ನು ಗುರುತಿಸುವ ಎಣಿಕೆಗಳೂ ಒಂದಕ್ಕಿಂತ ಹೆಚ್ಚು. ಒಂಟಿಕೊಪ್ಪಲ್ ಪಂಚಾಂಗವನ್ನು ಗೋಡೆಯ ಮೊಳೆಗೆ ತೂಗುಹಾಕಿಕೊಂಡಿರುವ ಮನೆಗಳಲ್ಲಿ ಹಬ್ಬ, ಶ್ರಾದ್ಧ, ವರ್ಧಂತಿಗಳೆಲ್ಲ ತಿಥಿ-ನಕ್ಷತ್ರಗಳ ಪ್ರಕಾರ ನಡೆಯುತ್ತವೆ; ಶಾಲೆ, ಕಚೇರಿ, ಬ್ಯಾಂಕುಗಳ ವ್ಯವಹಾರ ಮಾತ್ರ ಇಂಗ್ಲಿಷ್ ತಾರೀಖಿನದು. ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನಗಳಾದ್ದರಿಂದ ಹಬ್ಬಗಳು ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುತ್ತವೆ, ಅಧಿಕ ಮಾಸ ಬಂದಾಗ ಮತ್ತೆ ಮುಂದಕ್ಕೆ ಹೋಗುತ್ತವೆ. ಮೈಸೂರಿನ ಜಂಬೂ ಸವಾರಿ 2023ರಲ್ಲಿ ಅಕ್ಟೋಬರ್ 24ಕ್ಕೆ, 2024ರಲ್ಲಿ ಅಕ್ಟೋಬರ್ 12ಕ್ಕೆ ಬಂದಿತ್ತು. 2025ರಲ್ಲಿ ವಿಜಯದಶಮಿ ಮತ್ತು ಗಾಂಧಿ ಜಯಂತಿ ಎರಡೂ ಅಕ್ಟೋಬರ್ 2ಕ್ಕೆ ಬಿದ್ದವು. ಆಷಾಢದ ಚಾಮುಂಡೇಶ್ವರಿ ವರ್ಧಂತಿಯನ್ನಾಗಲಿ ಮೇಲುಕೋಟೆಯ ವೈರಮುಡಿ ಉತ್ಸವವನ್ನಾಗಲಿ ಒಂದು ತಾರೀಖಿಗೆ ಕಟ್ಟಿಹಾಕಲು ಬರುವುದಿಲ್ಲ. ಬಸವ ಜಯಂತಿಯೂ ಅಕ್ಷಯ ತೃತೀಯದಂದು ಬರುವುದರಿಂದ ಅದೇ ಸಾಲಿಗೆ ಸೇರಿದ್ದು. ಇಂಥವನ್ನು ಆ ವರ್ಷದ ಪಂಚಾಂಗ ನೋಡಿಯೇ ಹೇಳಬೇಕು.

ಇಂಗ್ಲಿಷ್ ತಾರೀಖೂ ಎಲ್ಲ ಕಾಲಕ್ಕೂ ಒಂದೇ ಆಗಿರಲಿಲ್ಲ. ಹಳೆಯ ಜೂಲಿಯನ್ ಎಣಿಕೆಯಿಂದ ಈಗಿನ ಗ್ರೆಗೋರಿಯನ್ ಎಣಿಕೆಗೆ ದೇಶಗಳು ಬೇರೆ ಬೇರೆ ಕಾಲಗಳಲ್ಲಿ ಬದಲಾದವು. ಬ್ರಿಟನ್ನಿನಲ್ಲಿ 1752ರ ಸೆಪ್ಟೆಂಬರ್ 2ರ ಮರುದಿನವೇ ಸೆಪ್ಟೆಂಬರ್ 14 ಆಯಿತು. ರಷ್ಯಾದ ‘ಅಕ್ಟೋಬರ್ ಕ್ರಾಂತಿ’ಯನ್ನು ನವೆಂಬರ್ 7ಕ್ಕೆ ನೆನೆಯುವುದಕ್ಕೂ ಇದೇ ಕಾರಣ. ಊರಿನ ಗಡಿಯಾರವೂ ತಾರೀಖನ್ನು ಬದಲಿಸುತ್ತದೆ: ಅಪೊಲೊ 11 ಚಂದ್ರನ ಮೇಲಿಳಿದದ್ದು ಅಮೆರಿಕದವರಿಗೆ 1969ರ ಜುಲೈ 20, ಭಾರತದಲ್ಲಿ ಆಗಲೇ ಜುಲೈ 21ರ ನಸುಕು.

ಹುಟ್ಟುಹಬ್ಬಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಹಳ್ಳಿಗಳಲ್ಲಿ ಜನನ ನೋಂದಣಿ ಸರಿಯಾಗಿ ಇಲ್ಲದ ಕಾಲದಲ್ಲಿ ಮೇಷ್ಟರು ಮಗುವಿನ ವಯಸ್ಸನ್ನು ಅಂದಾಜು ಮಾಡಿ ಶಾಲೆಯ ದಾಖಲಾತಿಗೆ ಒಂದು ತಾರೀಖು ಬರೆಯುತ್ತಿದ್ದರು. ನಮ್ಮ ಭಾಗದ ಹಿರಿಯರಲ್ಲಿ ಅನೇಕರ ಹುಟ್ಟುಹಬ್ಬ ಜೂನ್ 1 ಆಗಿರುವುದು ಇದರಿಂದಲೇ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಸೆಪ್ಟೆಂಬರ್ 15 ಎಂಬುದರಲ್ಲಿ ಎಲ್ಲರದೂ ಒಂದೇ ಮಾತು, ಇಸವಿಯನ್ನು ಮಾತ್ರ ಕೆಲವರು 1860 ಎಂದೂ ಕೆಲವರು 1861 ಎಂದೂ ಬರೆಯುತ್ತಾರೆ. ಫೆಬ್ರವರಿ 29ಕ್ಕೆ ಹುಟ್ಟಿದವರದು ಬೇರೆಯೇ ಪಾಡು. ಮೊರಾರ್ಜಿ ದೇಸಾಯಿ 1896ರ ಆ ದಿನ ಹುಟ್ಟಿದವರು. 1900 ಅಧಿಕ ವರ್ಷವಲ್ಲದ್ದರಿಂದ ಅವರ ಮೊದಲ ನಿಜವಾದ ಹುಟ್ಟುಹಬ್ಬ ಬಂದದ್ದು 1904ರಲ್ಲಿ.

ಯಾವುದನ್ನು ಆರಿಸಬೇಕು ಎಂಬ ಪ್ರಶ್ನೆ ಕೊನೆಗೂ ಹೇಳುವವರಿಗೇ ಬಿಟ್ಟದ್ದು. ದೂರದ ದೇಶಗಳ ಹತ್ತು ಸಂಗತಿಗಳನ್ನು ಗಡಿಬಿಡಿಯಲ್ಲಿ ಓದಿ ಮುಗಿಸುವುದಕ್ಕಿಂತ, ನಮ್ಮ ನೆಲದ ಒಂದನ್ನಾದರೂ ಇಸವಿ, ಊರು, ಕಾರಣಗಳ ಸಮೇತ ಹೇಳುವುದು ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಜನವರಿ 26ರಂದು ಧ್ವಜಾರೋಹಣದ ಸಡಗರದಲ್ಲಿ, ಕೆ.ಎಸ್. ನರಸಿಂಹಸ್ವಾಮಿಯವರು 1915ರ ಅದೇ ದಿನ ಮಂಡ್ಯ ಜಿಲ್ಲೆಯ ಕಿಕ್ಕೇರಿಯಲ್ಲಿ ಹುಟ್ಟಿದರೆಂಬುದು ಮಂಡ್ಯದ ಮಕ್ಕಳ ಕಿವಿಗೂ ಬೀಳದೆ ಹೋಗುವುದು ನಿಜಕ್ಕೂ ನೋವಿನ ಸಂಗತಿ. ಜೂನ್ 4ಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ್ (1884) ಇದ್ದಾರೆ, ಜುಲೈ 27ಕ್ಕೆ ಮೈಸೂರು ವಿಶ್ವವಿದ್ಯಾನಿಲಯದ ಸ್ಥಾಪನೆ (1916) ಇದೆ. ಸೆಪ್ಟೆಂಬರ್ 10ರ ಕರಿಹಲಗೆಯ ಮೇಲೆ ಹೀಗೆ ಬರೆಯಬಹುದು: 1935, ಮೈಸೂರು, ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಮುಂದೆ ಇಡೀ ದೇಶದ ಬಾನುಲಿಗೆ ಬಂದ ‘ಆಕಾಶವಾಣಿ’ ಎಂಬ ಹೆಸರು ಮೊದಲು ಆ ನಿಲಯದ್ದಾಗಿತ್ತು.